ಒಂದು ಸೊನ್ನೆ ಕಮ್ಮಿ

ದುಕ್ಮ್‌ನ ಗಾಳಿಗೆ ಜೂನಿನಿಂದ ಆಗಸ್ಟ್‌ವರೆಗೆ ಬಿಡುವಿಲ್ಲ.
ಪೋರ್ಟಾಕ್ಯಾಬಿನ್ನಿನ ತಗಡು ರಾತ್ರಿಯೆಲ್ಲ ಪಟಪಟ ಅನ್ನುತ್ತದೆ.
ನಾನು ಮೇಲಿನ ಮಂಚದಲ್ಲಿ ಕೂತು
ಲಬಾನ್ ಡಬ್ಬದ ರಟ್ಟಿನ ಮೇಲೆ ಜೋಡಿಪದ ಬರೆಯುತ್ತೇನೆ:
ಅಡ್ವೈಸ್, ಅಡ್ವೈಝ್.
ಪರ್ಸನಲ್, ಪರ್ಸೊನೆಲ್.
ಸ್ಟೇಷನರಿ. ಎ ಬಂದರೆ ನಿಂತದ್ದು, ಇ ಬಂದರೆ ಪೆನ್ನು ಕಾಗದ.
ಕೆಳಗಿನಿಂದ ವಿಮಲಸಿರಿ ಕೇಳುತ್ತಾನೆ,
'ಇನ್‌ಫ್ಲೇಮಬಲ್ ಅಂದರೆ?'
'ಉರಿಯದ್ದು.'
'ಸತ್ತೆ ನೀನು,' ಅನ್ನುತ್ತಾನೆ. 'ಅದೂ ಉರಿಯುತ್ತೆ.'
ಇನ್ ಸೇರಿದರೂ ಉರಿಯುತ್ತೆ, ಸೇರದಿದ್ದರೂ ಉರಿಯುತ್ತೆ.
ಇದು ಯಾವ ಊರಿನ ನ್ಯಾಯ ಅಂತ ಕೇಳಿದರೆ
ಮಗ್ಗುಲು ತಿರುಗಿಬಿಡುತ್ತಾನೆ.

ಹಳೆಯ ಗಾಯ ಇದು.
ಸಂತೇಮರಹಳ್ಳಿ ಶಾಲೆಯಲ್ಲಿ ನಂಜುಂಡಾರಾಧ್ಯ ಮೇಷ್ಟ್ರು
'ಅಕ್ಕಿ ಹಾರಲ್ಲ ಕಣೋ, ಹಾರೋದು ಹಕ್ಕಿ' ಎಂದು
ನಾಲಗೆಯಲ್ಲಿಲ್ಲದ ಒಂದು ಹಕಾರಕ್ಕೆ
ಬೆರಳ ಗೆಣ್ಣಿನ ಮೇಲೆ ಹೊಡೆದಿದ್ದರು.
ನಾನು ಸುಳ್ಳು ಹೇಳಿರಲಿಲ್ಲ.
ನಮ್ಮವ್ವ ಕೇರುವಾಗ ಮೊರದಿಂದ
ಅಕ್ಕಿಯೂ ಆರ್ತಿತ್ತು.

ಇಲ್ಲಿ ಫೋರ್‌ಮನ್ ಅಬು ಸುಲ್ತಾನನಿಗೆ ಪಕಾರ ಬಾರದು.
ಬೈಬ್ ಎನ್ನುತ್ತಾನೆ, ಪೈಪು ತಂದುಕೊಡುತ್ತೇವೆ.
ಬೇಂಟ್ ಎನ್ನುತ್ತಾನೆ, ಪೇಂಟು.
ಅವನ ತಪ್ಪನ್ನು ಇಪ್ಪತ್ತು ಕೈಗಳು ದಾರಿಯಲ್ಲೇ ತಿದ್ದುತ್ತವೆ,
ಅವನಿಗೆ ಗೊತ್ತೂ ಆಗುವುದಿಲ್ಲ.

ನನ್ನದು ಕಾಗದದ ಮೇಲೆ ಹೋಯಿತು.
ಬರೆದ ಹಾಗೆಯೇ ಹೋಯಿತು.

ಮೂರನೇ ಡಾಕು, ಹಡಗಿನ ಎಡಮಗ್ಗುಲು,
ನಾಲ್ಕನೇ ಅಟ್ಟಣಿಗೆಯ ಕ್ಲಾಂಪು.
ಕೈಯಿಟ್ಟು ನೋಡಿದೆ, ಹಾಲುಹಲ್ಲಿನ ಹಾಗೆ ಅಲುಗಿತು.
ನನ್ನ ಹತ್ತಿರ ಪಾನಾ ಇರಲಿಲ್ಲ, ಬಿಗಿಯುವ ಪರವಾನಗಿಯೂ.
ಬರೆದೆ, ದಿನಾಂಕ ಹಾಕಿ, ಅಕ್ಷರ ಗುಂಡಗೆ:
ಕ್ಲಾಂಪ್ ಲೂಸ್.
ಊರಲ್ಲಿ ತಲೆ ಕೆಟ್ಟವನಿಗೂ ಅದೇ, ನಟ್ಟಿಗೂ ಅದೇ,
ಕಿವಿಗೆ ಒಂದೇ ಲೂಸು.
ಇಂಗ್ಲಿಷಿನಲ್ಲಿ ಸಡಿಲಕ್ಕೆ ಎರಡು ಸೊನ್ನೆ,
ಕಳಕೊಳ್ಳುವುದಕ್ಕೆ ಒಂದು.
ನಾನು ಒಂದು ಹಾಕಿದ್ದೆ.

ಸ್ಟೋರಿನವರು ಓದಿದರು: ಕ್ಲಾಂಪು ಕಳೆದಿದೆ.
ಸಂಜೆಗೆ ಹೊಸದೊಂದು ಕಳಿಸಿದರು, ಎಣ್ಣೆಕಾಗದ ಸುತ್ತಿ.
ಅದು ನನ್ನ ಮೇಜಿನ ಮೇಲೆ ಕೂತಿತ್ತು
ಟೀಕಾರಾಮ ಬಿದ್ದಾಗ.

ಸಾಯಲಿಲ್ಲ. ಅದನ್ನು ಮೊದಲೇ ಹೇಳಬೇಕಿತ್ತು.
ಬಲಗಾಲು, ಸೊಂಟ. ಹತ್ತೊಂಬತ್ತು ದಿನ ನಿಜ್ವಾ ಆಸ್ಪತ್ರೆ,
ಆಮೇಲೆ ಗಾಲಿಕುರ್ಚಿಯಲ್ಲಿ ಕಠ್ಮಂಡುವಿನ ವಿಮಾನ.
ವಿಚಾರಣೆಯ ಕಾಗದದಲ್ಲಿ ನನ್ನ ಹೆಸರಿಲ್ಲ.
ಅಡ್ವರ್ಸ್ ವಿಂಡ್, ಅಂತ ಬರೆದು ಮುಗಿಸಿದರು.
ಅಡ್ವರ್ಸ್ ಅಂದರೆ ಪ್ರತಿಕೂಲ, ಅವರ್ಸ್ ಅಂದರೆ ಒಲ್ಲೆನೆನ್ನುವ.
ಎರಡನ್ನೂ ರಟ್ಟಿಗೆ ಹಾಕಿಕೊಂಡೆ.
ಗಾಳಿ ಏನೂ ಅನ್ನಲಿಲ್ಲ.

ಈಗ ಬೆಳಿಗ್ಗೆ ಐದರ ಬಸ್ಸಿಳಿದು
ಕ್ಲಾಂಪಿನಿಂದ ಕ್ಲಾಂಪಿಗೆ ಕೈಯಿಟ್ಟುಕೊಂಡು ಹೋಗುತ್ತೇನೆ.
ಅಲುಗಿದ್ದರ ಪಕ್ಕ ಸೀಮೆಸುಣ್ಣದಲ್ಲಿ
ಕೋಳಿಮೊಟ್ಟೆ ಗಾತ್ರದ ಎರಡು ಸೊನ್ನೆ.
ಯಾರೂ ಹೇಳಿಕೊಟ್ಟದ್ದಲ್ಲ,
ನೇಪಾಳಿಗಳೂ ಬಂಗಾಳಿಗಳೂ ಓದುತ್ತಾರೆ,
ಪಾನಾ ತರುತ್ತಾರೆ.

ಮುಂದಿನ ತಿಂಗಳು ಸೂಪರ್‌ವೈಸರ್ ಪರೀಕ್ಷೆ.
ಮೆಟಿಕ್ಯುಲಸ್, ಸ್ಟ್ರಿಂಜೆಂಟ್, ಮಿಟಿಗೇಟ್:
ಮದುವೆಗೆಂದು ಎರವಲು ತಂದ ಕೋಟಿನಂಥ ಪದಗಳು,
ಭುಜದ ಹತ್ತಿರ ಯಾರದೋ ಅಳತೆ.
ಅವು ಯಾರನ್ನೂ ಬೀಳಿಸಿದ್ದು ನಾ ಕಂಡಿಲ್ಲ.
ಬೀಳಿಸುವವೆಲ್ಲ ಚೋಟುದ್ದದವು,
ಒಂದನೇ ಕ್ಲಾಸಿನ ಮಗುವೂ ಬರೆಯುವಂಥವು.

ಕಳೆದ ವಾರ ಟೀಕಾರಾಮನ ಸಂದೇಶ ಬಂತು.
'ಬ್ರದರ್, ವಾಕಿಂಗ್ ಲಿಟಲ್ ಲಿಟಲ್. ಲೀವ್ ಈಸ್ ಗುಡ್.'
ಬದುಕು ಅಂದನೋ, ರಜೆ ಅಂದನೋ,
ಬಿಟ್ಟು ಹೋದದ್ದೇ ಒಳ್ಳೆಯದಾಯಿತು ಅಂದನೋ.
ವಿಮಲಸಿರಿಯನ್ನು ಎಬ್ಬಿಸಿ ಕೇಳಬಹುದಿತ್ತು.
ಕೇಳಲಿಲ್ಲ.
ಹಳದಿ ಹೆಬ್ಬೆರಳೊಂದನ್ನು ಒತ್ತಿ ಕಳಿಸಿ
ದೀಪ ಆರಿಸಿದೆ.